ಕಂಪ್ಯೂಟರ್ ಬಿಡದೆ ಒದರುತ್ತಿದೆಯೇ? ಕಲಬುರಗಿ ಬಿಸಿಲು, ದೂಳಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಮೇ ತಿಂಗಳು, ಮಧ್ಯಾಹ್ನ ಎರಡೂವರೆ. ಹೊರಗೆ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಅಂಗಡಿಯಲ್ಲಿ ಮೂರು ಮಂದಿ ಕಾಲೇಜು ಅರ್ಜಿ ತುಂಬಿಸಲು ಕುಳಿತಿದ್ದರು. ಅಷ್ಟರಲ್ಲಿ ಮೇಜಿನ ಕೆಳಗಿಂದ ಟೀ-ಟೂ, ಟೀ-ಟೂ ಅಂತ ಆಂಬುಲೆನ್ಸ್‌ನಂಥ ಸದ್ದು ಶುರುವಾಯಿತು. "ಸರ್, ಕಂಪ್ಯೂಟರ್ ಒದರಲಾಕತ್ತದ ನೋಡ್ರಿ" ಅಂತ ಹುಡುಗ ಓಡಿ ಬಂದ.

ಕಲಬುರಗಿಯಲ್ಲಿ ನನ್ನದು ಡಿಟಿಪಿ ಮತ್ತು ಆನ್‌ಲೈನ್ ಅರ್ಜಿಗಳ ಸಣ್ಣ ಅಂಗಡಿ. ಅವತ್ತು ಕರೆಸಿದ ರಿಪೇರಿಯವರು ಡಬ್ಬಿ ಬಿಚ್ಚಿ, ಒಳಗಿದ್ದ ಪುಟ್ಟ ಸ್ಪೀಕರಿನ ವೈರ್ ಕಿತ್ತರು. ಸದ್ದು ನಿಂತಿತು. ನನಗೂ ಸಮಾಧಾನವಾಯಿತು. ಮೂರು ವಾರ ಬಿಟ್ಟು ಅದೇ ಮಷಿನ್ ಕೆಲಸದ ನಡುವೆ ಆಫ್ ಆಯಿತು, ಮತ್ತೆ ಏಳಲೇ ಇಲ್ಲ. ಬಿಚ್ಚಿ ನೋಡಿದರೆ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಮೇಲೆ ಕೂತು ಅದರ ಶಾಖ ಎಳೆಯುವ ಲೋಹದ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದಿತ್ತು, ಪಕ್ಕದ ಕೆಪಾಸಿಟರ್‌ಗಳು (ಕರೆಂಟ್ ಕೂಡಿಡುವ ಪುಟ್ಟ ಡಬ್ಬಿಗಳು) ಉಬ್ಬಿದ್ದವು. ಮದರ್‌ಬೋರ್ಡ್ (ಎಲ್ಲ ಭಾಗಗಳು ಕೂರುವ ಮುಖ್ಯ ಬೋರ್ಡ್) ಹೋಗಿತ್ತು. ಆ ಟೀ-ಟೂ ಸದ್ದು ಮೂರು ವಾರ ಮೊದಲೇ ಇದನ್ನೇ ಹೇಳುತ್ತಿತ್ತು. ನಾವೇ ಅದರ ಬಾಯಿ ಕಟ್ಟಿದ್ದೆವು.

ಅದಕ್ಕೇ ಮೊದಲೇ ಕೇಳಿಕೊಳ್ಳುತ್ತೇನೆ. ಸದ್ದು ಎಷ್ಟೇ ಕಿರಿಕಿರಿ ಮಾಡಲಿ, ಕಾರಣ ಸಿಗುವವರೆಗೆ ಸ್ಪೀಕರ್ ಕೀಳಬೇಡಿ, ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಅಲಾರಂ ಆಫ್ ಮಾಡಬೇಡಿ. ಕಾರಣ ಹುಡುಕುವುದು ಅಂಥ ಕಷ್ಟದ ಕೆಲಸವೂ ಅಲ್ಲ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಇಂಚಿನ ಹೊಸ ಪೇಂಟ್ ಬ್ರಷ್, ಒಂದು ಬ್ಯಾಟರಿ ಲೈಟು, ಮೊಬೈಲ್. ಹೆಚ್ಚಿನ ಸಲ ಇಷ್ಟು ಸಾಕು.

ಮೊದಲು, ಸದ್ದು ಎಲ್ಲಿಂದ ಬರುತ್ತಿದೆ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎಷ್ಟೋ ಮಂದಿ ಕ್ಯಾಬಿನೆಟ್ (ಕಂಪ್ಯೂಟರಿನ ಡಬ್ಬಿ) ಹೊತ್ತುಕೊಂಡು ರಿಪೇರಿಗೆ ಅಂತ ನಮ್ಮೂರಿನ ಅಂಗಡಿ ಬೀದಿ ಸೂಪರ್ ಮಾರ್ಕೆಟ್‌ವರೆಗೆ ಹೋಗುತ್ತಾರೆ. ಆಮೇಲೆ ನೋಡಿದರೆ ಒದರುತ್ತಿದ್ದದ್ದು ಮನೆಯಲ್ಲೇ ಉಳಿದ ಯುಪಿಎಸ್ (ಕರೆಂಟ್ ಹೋದಾಗ ಬ್ಯಾಟರಿಯಿಂದ ಓಡಿಸುವ ಡಬ್ಬಿ).

ಬಗ್ಗಿ, ಕಿವಿ ಹತ್ತಿರ ಇಟ್ಟು ಕೇಳಿ. ಯುಪಿಎಸ್ ಆದರೆ ಕರೆಂಟ್ ಹೋದಾಗ ಕೆಲವು ಸೆಕೆಂಡಿಗೊಮ್ಮೆ ಬೀಪ್ ಅನ್ನುತ್ತದೆ. ಬ್ಯಾಟರಿ ಮುಗಿಯುತ್ತಾ ಬಂದರೆ ಬೀಪ್ ಬೇಗ ಬೇಗ ಬರುತ್ತದೆ. ಲೋಡ್ ಜಾಸ್ತಿಯಾದರೆ ಬಿಡದೆ ಒಂದೇ ಸದ್ದು ಮಾಡುವುದು ಹೆಚ್ಚಿನ ಯುಪಿಎಸ್‌ಗಳ ರೂಢಿ. ಯಾರೋ ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಿದ್ದರೆ ಪ್ರಿಂಟ್ ಕೊಟ್ಟಾಗಲೆಲ್ಲ ಹೀಗಾಗುತ್ತದೆ. ಪ್ರಿಂಟರನ್ನು ಬೇರೆ ಪ್ಲಗ್‌ಗೆ ಹಾಕಿ. ಕರೆಂಟ್ ಇದ್ದಾಗಲೂ ಯುಪಿಎಸ್ ಒದರುತ್ತಿದ್ದರೆ ಒಳಗಿನ ಬ್ಯಾಟರಿ ಹೋಗಿರಬಹುದು. ಲೆಡ್ ಆ್ಯಸಿಡ್ ಬ್ಯಾಟರಿಗೆ 25 ಡಿಗ್ರಿ ಹಿತ. ಅದರ ಮೇಲೆ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸ ಬಲ್ಲವರ ಲೆಕ್ಕ. ನಮ್ಮ ಬೇಸಿಗೆಯಲ್ಲಿ ಆ ಬ್ಯಾಟರಿಗಳು ಯಾಕೆ ಇಷ್ಟು ಬೇಗ ಸಾಯುತ್ತವೆ ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ?

ಸದ್ದು ಕ್ಯಾಬಿನೆಟ್ ಒಳಗಿಂದಲೇ ಅಂತ ಖಾತ್ರಿಯಾದರೆ ಮೊಬೈಲ್‌ನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಎಣಿಸಲು, ಇನ್ನೊಬ್ಬರಿಗೆ ಕೇಳಿಸಲು ಇದು ಬಹಳ ಉಪಯೋಗ. "ಟಕ್ ಟಕ್" ಅಂತ ಕಡ್ಡಿ ಮುರಿದಂತೆ ಕೇಳಿದರೆ ಅದು ಅಲಾರಂ ಅಲ್ಲ, ಹಾರ್ಡ್ ಡಿಸ್ಕ್ ಸಾಯುತ್ತಿರುವ ಗುರುತು. ಬೇರೆಲ್ಲ ಬಿಟ್ಟು ಫೈಲುಗಳನ್ನು ಪೆನ್‌ಡ್ರೈವ್‌ಗೋ ಇನ್ನೊಂದು ಡಿಸ್ಕ್‌ಗೋ ಕಾಪಿ ಮಾಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹತ್ತು ವರ್ಷದ ಲಗ್ನಪತ್ರಿಕೆಗಳೆಲ್ಲ ಅದೊಂದರಲ್ಲೇ ಇದ್ದರೆ, ಇವತ್ತೇ.

ಎರಡನೆಯದು, ಯಾವಾಗ ಒದರುತ್ತದೆ?

ಸದ್ದು ಬರುವ ಹೊತ್ತೇ ಅರ್ಧ ಉತ್ತರ ಹೇಳುತ್ತದೆ.

ಬಟನ್ ಒತ್ತಿದ ಕೂಡಲೇ, ಪರದೆಯಲ್ಲಿ ಏನೂ ಬರುವ ಮೊದಲೇ ಎಣಿಸಬಹುದಾದ ಬೀಪ್‌ಗಳು ಬಂದರೆ ಅದು ಬೂಟ್ ತೊಂದರೆ. ರ‍್ಯಾಮ್ (ಮೆಮೊರಿ ಪಟ್ಟಿ), ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಕಳಿಸುವ ಕಾರ್ಡ್), ಕೀಬೋರ್ಡ್, ಬೋರ್ಡ್ ಕಡೆ ನೋಡಬೇಕು. ವಿಂಡೋಸ್ ಚೆನ್ನಾಗಿ ಬಂದು, ಸ್ವಲ್ಪ ಹೊತ್ತು ಕೆಲಸ ಮಾಡಿದ ಮೇಲೆ ಏರಿಳಿಯುವ ಸೈರನ್ ಅಥವಾ ಬಿಡದ ಬೀಪ್ ಬಂದರೆ ಅದು ಶಾಖ, ಫ್ಯಾನ್ ಅಥವಾ ವೋಲ್ಟೇಜ್. ಮದರ್‌ಬೋರ್ಡ್ ಮೇಲಿನ ಒಂದು ಚಿಪ್ ಈ ಮೂರನ್ನೂ ಸದಾ ಕಾಯುತ್ತಿರುತ್ತದೆ. ಮಿತಿ ದಾಟಿದರೆ ಕೂಗುತ್ತದೆ.

ನಮ್ಮ ಕಡೆ ಎರಡನೇ ಬಗೆಯೇ ಜಾಸ್ತಿ. ಆದ್ದರಿಂದ ಅದನ್ನೇ ಮೊದಲು, ವಿವರವಾಗಿ ಹೇಳುತ್ತೇನೆ.

ಬೇಸಿಗೆಯಲ್ಲೇ ಯಾಕೆ?

ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ಹೊತ್ತೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮನುಷ್ಯರಿಗೆ ಹೊತ್ತು ಬದಲಿಸುತ್ತೇವೆ. ಕಂಪ್ಯೂಟರ್ ಮಾತ್ರ ಅದೇ ಮೂಲೆಯಲ್ಲಿ, ಅದೇ ಮೇಜಿನ ಕೆಳಗೆ ಕುದಿಯುತ್ತಿರುತ್ತದೆ.

ಹೀಟ್‌ಸಿಂಕ್ ಮತ್ತು ಫ್ಯಾನ್ ಏಸಿಯಂತೆ ತಣ್ಣಗೆ ಮಾಡುವುದಿಲ್ಲ. ಪ್ರೊಸೆಸರಿನ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುತ್ತವೆ, ಅಷ್ಟೇ. ಒಂದೇ ಕೆಲಸ ಮಾಡುವಾಗ ಪ್ರೊಸೆಸರಿಗೂ ಕೋಣೆಗೂ ಇರುವ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಉದಾಹರಣೆ ನೋಡಿ. ಎಲ್ಲ ಸ್ವಚ್ಛವಾಗಿದ್ದಾಗ ಜೋರು ಕೆಲಸದಲ್ಲಿ ಆ ಅಂತರ 35 ಡಿಗ್ರಿ ಅನ್ನೋಣ. ಡಿಸೆಂಬರ್ ಬೆಳಗ್ಗೆ ಕೋಣೆ 24 ಇದ್ದರೆ ಪ್ರೊಸೆಸರ್ 59. ಮೇ ಮಧ್ಯಾಹ್ನ ಪತ್ರಾಸ್ (ತಗಡಿನ ಚಾವಣಿ) ಕೆಳಗೆ 42 ಇದ್ದರೆ 77. ಇಲ್ಲಿಯವರೆಗೆ ನಡೆಯುತ್ತದೆ. ಈಗ ದೂಳು ಕಟ್ಟಿ, ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿ ಅಂತರ 50 ಆಯಿತು ಅನ್ನಿ. ಡಿಸೆಂಬರಿನಲ್ಲಿ 74, ಯಾರಿಗೂ ಗೊತ್ತಾಗುವುದಿಲ್ಲ. ಮೇನಲ್ಲಿ 92, ಸೈರನ್!

ಅಂದರೆ ದೋಷ ಬೆಳೆದದ್ದು ವರ್ಷಗಟ್ಟಲೆ. ಬಿಸಿಲು ಅದನ್ನು ಬಯಲು ಮಾಡಿತು. "ಬೇಸಿಗೆ ಹೋದರೆ ಸರಿಹೋಗ್ತದ" ಅಂತ ಬಿಟ್ಟರೆ ಮುಂದಿನ ಬೇಸಿಗೆಗೆ ಇನ್ನೂ ಜಾಸ್ತಿ ಆಗಿರುತ್ತದೆ.

ಶಾಖವನ್ನು ಅಳೆಯಿರಿ

ಸೈರನ್ ಬಂದಾಗ ಫೈಲ್ ಸೇವ್ ಮಾಡಿ, ಶಟ್‌ಡೌನ್ ಮಾಡಿ, 15 ನಿಮಿಷ ಬಿಡಿ. ಮತ್ತೆ ಆನ್ ಮಾಡುವಾಗ ಡಿಲೀಟ್ ಕೀ ಒತ್ತುತ್ತಾ ಇರಿ. ಕೆಲವು ಕಂಪನಿಗಳಲ್ಲಿ ಎಫ್2 ಅಥವಾ ಎಫ್10. ಬಯೋಸ್ ತೆರೆಯುತ್ತದೆ. ಅದರಲ್ಲಿ ಹಾರ್ಡ್‌ವೇರ್ ಮಾನಿಟರ್, ಪಿಸಿ ಹೆಲ್ತ್ ಸ್ಟೇಟಸ್ ಅಥವಾ ಬರೀ ಮಾನಿಟರ್ ಅನ್ನುವ ಪುಟ ಹುಡುಕಿ. ಸಿಪಿಯು ಟೆಂಪರೇಚರ್, ಸಿಪಿಯು ಫ್ಯಾನ್ ಸ್ಪೀಡ್, ವೋಲ್ಟೇಜ್‌ಗಳು ಅಲ್ಲೇ ಸಿಗುತ್ತವೆ. ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಹತ್ತು ನಿಮಿಷ ಅದೇ ಪುಟದಲ್ಲಿ ಬಿಟ್ಟು ಇನ್ನೊಂದು ಫೋಟೋ ತೆಗೆಯಿರಿ.

ಕೋಣೆಗಿಂತ 15ರಿಂದ 25 ಡಿಗ್ರಿ ಜಾಸ್ತಿ ಇದ್ದು ಅಲ್ಲೇ ನಿಂತರೆ ಚಿಂತೆ ಬೇಡ. ಸುಮ್ನೆ ಕುಳಿತಲ್ಲೇ 70, 80, 90 ಅಂತ ಏರುತ್ತಾ ಹೋದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಥವಾ ಫ್ಯಾನ್ ನಿಂತಿದೆ. ಇಂಟೆಲ್‌ನ ಹೆಚ್ಚಿನ ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ, ಅದರಾಚೆ ಹೋದರೆ ಮಷಿನ್ ಆಫ್ ಆಗುತ್ತದೆ. "ಕಂಪ್ಯೂಟರ್ ಸ್ಲೋ ಆಗ್ಯದ" ಅಂತ ವಿಂಡೋಸ್ ಮತ್ತೆ ಮತ್ತೆ ಹಾಕಿಸುವವರು ಒಮ್ಮೆ ಈ ಪುಟ ನೋಡಬೇಕು.

ವಿಂಡೋಸ್ ಒಳಗೆ ಕೆಲಸ ಮಾಡುತ್ತಲೇ ನೋಡಲು ಎಚ್‌ಡಬ್ಲ್ಯೂಇನ್ಫೋ ಅಥವಾ ಕೋರ್ ಟೆಂಪ್ ಅನ್ನುವ ಪ್ರೋಗ್ರಾಂ ಇದೆ. ಯಾವುದೋ ಒಂದು ಸೆನ್ಸರ್ ಮಾತ್ರ ಸದಾ 127 ಡಿಗ್ರಿ ಅಂತಲೋ ಮೈನಸ್‌ನಲ್ಲೋ ತೋರಿಸಿದರೆ ಹೆದರಬೇಡಿ. ಬೋರ್ಡ್‌ನಲ್ಲಿ ಆ ಜಾಗಕ್ಕೆ ಸೆನ್ಸರೇ ಜೋಡಿಸಿರುವುದಿಲ್ಲ.

ಡಬ್ಬಿ ಬಿಚ್ಚಿ

ಪವರ್ ಕಾರ್ಡ್ ಪೂರ್ತಿ ಕಿತ್ತು, ಆನ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಖಾಲಿಯಾಗುತ್ತದೆ. ಪಾಲಿಸ್ಟರ್ ಅಂಗಿ ತೊಟ್ಟು ಈ ಕೆಲಸ ಬೇಡ. ನಮ್ಮ ಒಣಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ (ಉಜ್ಜಾಟದಿಂದ ಹುಟ್ಟುವ ಕರೆಂಟ್) ಬೇಗ ಕೂಡುತ್ತದೆ. ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಆಗಾಗ ಮುಟ್ಟುತ್ತಾ ಇರಿ.

ಎಡಗಡೆಯ ತಗಡು ತೆಗೆದ ಮೇಲೆ ಕಾಣುವ ದೂಳು ಊರಿಗೊಂದು ಥರ. ದಾಲ್ ಮಿಲ್‌ನ ಆಫೀಸಿನ ಕಂಪ್ಯೂಟರಿನಲ್ಲಿ ತೊಗರಿ ಹೊಟ್ಟಿನ ಪುಡಿ ಇರುತ್ತದೆ. ಬೇಳೆ ಒಡೆಯುವಾಗ ಕಾಳಿಗೆ ಎಣ್ಣೆ ಸವರುತ್ತಾರಲ್ಲ, ಆ ಪುಡಿಗೂ ಜಿಡ್ಡು ಇರುತ್ತದೆ. ಊದಿದರೆ ಹಾರುವುದಿಲ್ಲ, ಬ್ರಷ್‌ನಿಂದ ಕೆರೆಯಬೇಕು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಬಿಳಿ ಕಲ್ಲಿನ ಪುಡಿ. ಇದು ಒಣಗಿದ್ದಾಗ ಸುಲಭ, ಒದ್ದೆಯಾದರೆ ಗಾರೆಯಂತೆ ಕಟ್ಟುತ್ತದೆ. ಯಾದಗಿರಿ ಜಿಲ್ಲೆಯ ಹತ್ತಿ ಜಿನ್ನಿಂಗ್ ಇರುವ ಕಡೆ ನೂಲಿನಂಥ ಎಳೆಗಳು ಫ್ಯಾನಿನ ನಡುವಿಗೆ ಸುತ್ತಿಕೊಳ್ಳುತ್ತವೆ. ಬೀದರಿನಲ್ಲಿ ಕೆಂಪು ಮಣ್ಣು.

ಇನ್ನೊಂದು ಮಾತು, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಮ್ಮಲ್ಲಿ ಬೇಸಿಗೆಗೆ ನೀರಿನ ಕೂಲರ್ ಇಡುತ್ತೇವೆ. ಅದರ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯುವಂತೆ ಇಡಬೇಡಿ. ತಂಪು ಸಿಗುತ್ತದೆ ನಿಜ, ಜೊತೆಗೆ ತೇವವೂ ಬರುತ್ತದೆ. ನಮ್ಮ ಗಡಸು ನೀರಿನ ಉಪ್ಪು, ಒಳಗಿನ ದೂಳು, ತೇವ ಸೇರಿ ಹೀಟ್‌ಸಿಂಕಿನ ಸಂದುಗಳಲ್ಲಿ ಕೆಸರಿನಂತೆ ಗಟ್ಟಿಯಾಗುತ್ತದೆ. ಕೂಲರ್ ಕೋಣೆಯನ್ನು ತಂಪು ಮಾಡಲಿ, ಕ್ಯಾಬಿನೆಟ್ ಪಕ್ಕಕ್ಕಿರಲಿ. ಕಿಟಕಿಯೋ ಬಾಗಿಲೋ ಸ್ವಲ್ಪ ತೆರೆದಿರಲಿ.

ದೂಳು ತೆಗೆಯುವುದನ್ನು ಅಂಗಳದಲ್ಲೋ ಮಾಳಿಗೆ ಮೇಲೋ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಬಿಟ್ಟರೆ ಅದು ತನ್ನ ಮಿತಿಗಿಂತ ಜೋರಾಗಿ ಸುತ್ತಿ ಬೇರಿಂಗ್ ಹಾಳಾಗುತ್ತದೆ, ಬೋರ್ಡಿಗೆ ತಿರುಗಿ ಕರೆಂಟ್ ಕಳಿಸಲೂಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಕೊಳವೆಯನ್ನು ಬೋರ್ಡ್ ಹತ್ತಿರ ತರಬೇಡಿ, ಸ್ಟ್ಯಾಟಿಕ್ ಹುಟ್ಟುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಎಸ್‌ಎಂಪಿಎಸ್ ಡಬ್ಬಿಯನ್ನು (ಪವರ್ ಕಾರ್ಡ್ ಸಿಕ್ಕಿಸುವ, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಹೊರಗಿನಿಂದ ಮಾತ್ರ ಊದಿ. ಅದನ್ನು ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಜೀವಕ್ಕೆ ಅಪಾಯ.

ಫ್ಯಾನ್ ಮತ್ತು ನಾಲ್ಕು ಮೊಳೆಗಳು

ಪ್ರೊಸೆಸರ್ ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಸಲೀಸಾಗಿ ಸುತ್ತಿ ನಿಧಾನಕ್ಕೆ ನಿಲ್ಲಬೇಕು. ಗರಗರ ಅಂದರೆ, ತಟ್ಟನೆ ನಿಂತರೆ ಬೇರಿಂಗ್ ಹೋಗಿದೆ. ಹೊಲಿಗೆ ಮಷಿನ್ ಎಣ್ಣೆ ಬಿಟ್ಟರೆ ಕೆಲವು ದಿನ ನಡೆಯುತ್ತದೆ, ಅಷ್ಟರೊಳಗೆ ಹೊಸ ಫ್ಯಾನ್ ತನ್ನಿ. ಫ್ಯಾನಿನ ವೈರ್ ಬೋರ್ಡ್‌ನಲ್ಲಿ ಸಿಪಿಯು ಫ್ಯಾನ್ ಅಂತ ಬರೆದ ಪಿನ್ನಿಗೇ ಹೋಗಿದೆಯೇ ನೋಡಿ. ಹತ್ತಿರದಲ್ಲೇ ಸಿಸ್ಟಮ್ ಫ್ಯಾನ್ ಪಿನ್ನೂ ಇರುತ್ತದೆ. ಅವಸರದಲ್ಲಿ ಅದಕ್ಕೆ ಸಿಕ್ಕಿಸಿದರೆ ಫ್ಯಾನ್ ಸುತ್ತುತ್ತಿದ್ದರೂ ಬೋರ್ಡಿಗೆ ಅದು ಕಾಣುವುದಿಲ್ಲ. ಆನ್ ಮಾಡಿದ ಕೂಡಲೇ ಸಿಪಿಯು ಫ್ಯಾನ್ ಎರರ್ ಅಂತ ಒದರುತ್ತದೆ.

ಈಗ ಬಹಳ ಮುಖ್ಯವಾದದ್ದು. ಇಂಟೆಲ್ ಪ್ರೊಸೆಸರ್ ಜೊತೆ ಬರುವ ದುಂಡನೆಯ ಕೂಲರಿಗೆ (ಹೀಟ್‌ಸಿಂಕ್, ಫ್ಯಾನ್ ಸೇರಿದ ಜೋಡಿ) ನಾಲ್ಕು ಪ್ಲಾಸ್ಟಿಕ್ ಮೊಳೆಗಳಿರುತ್ತವೆ. ವರ್ಷಗಟ್ಟಲೆ ಬಿಸಿ ತಾಗಿ ಆ ಪ್ಲಾಸ್ಟಿಕ್ ಸಡಿಲಾಗುತ್ತದೆ. ಕಂಪ್ಯೂಟರನ್ನು ಟಂಟಂ ಆಟೋದಲ್ಲಿ ಹೊತ್ತು ತಂದರೆ ಒಂದು ಮೊಳೆ ಪಟ್ ಅಂತ ಮೇಲೆ ಬರುತ್ತದೆ. ಹೀಟ್‌ಸಿಂಕ್ ಕೂದಲಿನಷ್ಟು ಎದ್ದರೂ ಸಾಕು, ಶಾಖ ಸರಿಯಾಗಿ ದಾಟುವುದಿಲ್ಲ. ನಾನು ಕಳೆದುಕೊಂಡ ಮಷಿನ್ನಿನ ಕತೆ ಇದೇ. ನಾಲ್ಕೂ ಮೂಲೆ ಹಿಡಿದು ಅಲುಗಾಡಿಸಿ ನೋಡಿ. ಅಲುಗಾಡಿದರೆ ಮೊಳೆ ಒತ್ತಿ ಸುಮ್ಮನಾಗಬೇಡಿ. ಒಮ್ಮೆ ಎದ್ದ ಹೀಟ್‌ಸಿಂಕ್ ಕೆಳಗಿನ ಪೇಸ್ಟ್ ಒಡೆದಿರುತ್ತದೆ. ಪೂರ್ತಿ ತೆಗೆದು ಹೊಸದಾಗಿ ಕೂರಿಸಿ.

ತೆಗೆಯುವ ಮೊದಲು ಐದು ನಿಮಿಷ ಮಷಿನ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಪ್ಲಗ್ ಕೀಳಿ. ಮೊಳೆಗಳ ತಲೆಯನ್ನು ಅದರ ಮೇಲಿನ ಬಾಣದ ಗುರುತಿನ ಕಡೆಗೆ ತಿರುಗಿಸಿ ಮೇಲಕ್ಕೆ ಎಳೆಯಿರಿ. ಎಎಂಡಿ ಪ್ರೊಸೆಸರ್ ಆದರೆ ಇನ್ನೂ ಹುಷಾರು. ಎಎಂ4 ಅನ್ನುವ ಸಾಕೆಟ್ ಇರುವ ಬೋರ್ಡ್‌ಗಳಲ್ಲಿ ಹೀಟ್‌ಸಿಂಕನ್ನು ನೇರ ಎಳೆದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತದೆ. ಆ ಕಡೆ ಈ ಕಡೆ ಮೆಲ್ಲಗೆ ತಿರುವಿ, ಸಡಿಲಾದ ಮೇಲೆ ಎತ್ತಿ.

ಹಳೆ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನಯವಾದ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ, ಥಿನ್ನರ್ ಬೇಡ. ಪ್ರೊಸೆಸರ್ ನಡುವೆ ಒಂದು ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ರೊಟ್ಟಿಗೆ ಬೆಣ್ಣೆ ಸವರಿದಂತೆ ದಪ್ಪಗೆ ಬಳಿಯುವುದು ಬೇಡ. ಹೀಟ್‌ಸಿಂಕಿನ ಒತ್ತಡವೇ ಅದನ್ನು ಹರಡುತ್ತದೆ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗುಂಡಿಗಳನ್ನು ತುಂಬುವುದಷ್ಟೇ ಪೇಸ್ಟಿನ ಕೆಲಸ. ದಪ್ಪವಾದರೆ ಅದೇ ಅಡ್ಡವಾಗುತ್ತದೆ.

ಕೂರಿಸುವಾಗ ತಿರುಗಿಸಿದ ಮೊಳೆಗಳನ್ನು ಮೊದಲಿನ ಸ್ಥಾನಕ್ಕೆ ತಂದು, ಎದುರುಬದುರು ಮೂಲೆಗಳ ಜೋಡಿಯಂತೆ ಒತ್ತಿ. ಪ್ರತಿಯೊಂದಕ್ಕೂ ಟಕ್ ಅನ್ನುವ ಸದ್ದು ಬರಬೇಕು. ಬೋರ್ಡಿನ ಹಿಂಬದಿ ಕಾಣುವಂತಿದ್ದರೆ ಟಾರ್ಚ್ ಹಾಕಿ ನೋಡಿ, ನಾಲ್ಕೂ ಕಪ್ಪು ತುದಿಗಳು ಹೊರಗೆ ಬಂದಿರಬೇಕು. ಒಂದು ಮೊಳೆ ಮುರಿದಿದ್ದರೆ ದಾರ, ಅಂಟು ಅಂತ ಹೋಗದೆ ಹೊಸ ಮೊಳೆ ಸೆಟ್ ಅಥವಾ ಹೊಸ ಕೂಲರ್ ಹಾಕಿಸಿ.

ಕ್ಯಾಬಿನೆಟ್ ಇಡುವ ಜಾಗವೂ ಮುಖ್ಯ. ಮೇಜಿನ ಮುಚ್ಚಿದ ಗೂಡಿನಲ್ಲಿ ಇಟ್ಟರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ನಾಲ್ಕು ಇಂಚು ಮೇಲೆ ಇರಲಿ. ಒಂದು ಶಹಾಬಾದಿ ಕಲ್ಲಿನ ತುಂಡೋ ಹಲಗೆಯೋ ಸಾಕು. ತಗಡು ತೆಗೆದು ಬಿಚ್ಚಿಟ್ಟೇ ಓಡಿಸುವವರೂ ಇದ್ದಾರೆ. ಒಂದೆರಡು ದಿನ ಸರಿ. ಆಮೇಲೆ ದೂಳು ದುಪ್ಪಟ್ಟು, ಮೇಲಾಗಿ ಹಲ್ಲಿ ಒಳಗೆ ಸೇರಿಕೊಳ್ಳುತ್ತದೆ.

ಆನ್ ಮಾಡಿದ ಕೂಡಲೇ ಬೀಪ್ ಬಂದರೆ

ಬೀಪ್‌ಗಳ ಅರ್ಥ ಬಯೋಸ್ ಮಾಡಿದ ಕಂಪನಿಗೆ ತಕ್ಕಂತೆ ಬೇರೆ. ಬೋರ್ಡಿನ ಪುಸ್ತಕದಲ್ಲಿ ಇರುವುದೇ ಕೊನೆಯ ಮಾತು. ಆದರೂ ಹೆಚ್ಚು ಸಿಗುವ ಕೆಲವನ್ನು ಹೇಳುತ್ತೇನೆ. ಒಂದೇ ಒಂದು ಚಿಕ್ಕ ಬೀಪ್ ಬಂದು ಪರದೆ ಬಂದರೆ ಎಲ್ಲ ಸರಿ ಅಂತ. ಆವಾರ್ಡ್ ಬಯೋಸ್ ಇರುವ ಹಳೆ ಬೋರ್ಡ್‌ಗಳಲ್ಲಿ ಉದ್ದ ಬೀಪ್ ಬಿಡದೆ ಮತ್ತೆ ಮತ್ತೆ ಬಂದರೆ ರ‍್ಯಾಮ್, ಒಂದು ಉದ್ದ ಎರಡು ಚಿಕ್ಕದು ಬಂದರೆ ಗ್ರಾಫಿಕ್ಸ್. ಎಎಂಐ ಬಯೋಸ್‌ನಲ್ಲಿ ಮೂರು ಚಿಕ್ಕ ಬೀಪ್ ರ‍್ಯಾಮ್ ಕಡೆ, ಎಂಟು ಚಿಕ್ಕ ಬೀಪ್ ಗ್ರಾಫಿಕ್ಸ್ ಕಡೆ ಕೈ ತೋರಿಸುತ್ತವೆ. ಆಸುಸ್ ಬೋರ್ಡ್‌ನಲ್ಲಿ ಒಂದು ಉದ್ದ ಎರಡು ಚಿಕ್ಕದು ಅಂದರೆ ರ‍್ಯಾಮ್ ಸಿಗುತ್ತಿಲ್ಲ, ಒಂದು ಉದ್ದ ಮೂರು ಚಿಕ್ಕದು ಅಂದರೆ ಗ್ರಾಫಿಕ್ಸ್ ಸಿಗುತ್ತಿಲ್ಲ. ಡೆಲ್ ಡೆಸ್ಕ್‌ಟಾಪ್‌ಗಳಲ್ಲಿ ಎರಡು ಬೀಪ್ ಬಂದರೆ ರ‍್ಯಾಮ್ ಇಲ್ಲ, ನಾಲ್ಕು ಬಂದರೆ ರ‍್ಯಾಮ್ ಕೆಟ್ಟಿದೆ, ಐದು ಬಂದರೆ ಸಿಮಾಸ್ ಬ್ಯಾಟರಿ (ಒಳಗಿನ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ). ನೋಡಿದಿರಾ, ಒಂದು ಉದ್ದ ಎರಡು ಚಿಕ್ಕದು ಒಂದು ಕಡೆ ಗ್ರಾಫಿಕ್ಸ್, ಇನ್ನೊಂದು ಕಡೆ ರ‍್ಯಾಮ್. ಕಂಪನಿ ತಿಳಿಯದೆ ಅರ್ಥ ಹೇಳಬಾರದು ಅನ್ನುವುದು ಇದಕ್ಕೇ.

ರ‍್ಯಾಮ್ ಅನುಮಾನ ಬಂದರೆ ಪ್ಲಗ್ ಕಿತ್ತು, ಎರಡೂ ಬದಿಯ ಕ್ಲಿಪ್ ಒತ್ತಿ ಹೊರತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಮೆತ್ತನೆಯ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಸ್ಲಾಟ್ ಒಳಗೂ ಒಣ ಬ್ರಷ್ ಆಡಿಸಿ. ಒಂದೇ ರ‍್ಯಾಮ್ ಹಾಕಿ, ಕ್ಲಿಪ್ ಬೀಳುವವರೆಗೆ ಒತ್ತಿ ಆನ್ ಮಾಡಿ. ಆಗದಿದ್ದರೆ ಅದನ್ನೇ ಬೇರೆ ಸ್ಲಾಟ್‌ಗೆ, ಆಮೇಲೆ ಇನ್ನೊಂದು ರ‍್ಯಾಮ್. ಹೀಗೆ ಒಂದೊಂದೇ ಬದಲಿಸಿದರೆ ಕೆಟ್ಟದ್ದು ರ‍್ಯಾಮೋ ಸ್ಲಾಟೋ ಅಂತ ಗೊತ್ತಾಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್‌ಗೆ ಬೇರೆಯಾಗಿ 6 ಅಥವಾ 8 ಪಿನ್ನಿನ ಪವರ್ ವೈರ್ ಬೇಕಿದ್ದರೆ ಅದು ಸಿಕ್ಕಿಸಿದೆಯೇ ನೋಡಿ. ಕೆಲವು ಹಳೆ ಕಾರ್ಡ್‌ಗಳು ಆ ವೈರ್ ಇಲ್ಲದಿದ್ದರೆ ಕಿವಿ ಹರಿಯುವಂತೆ ಕಿರುಚುತ್ತವೆ. ಮದರ್‌ಬೋರ್ಡಿನಲ್ಲೇ ಡಿಸ್ಪ್ಲೇ ಇದ್ದರೆ ಕಾರ್ಡ್ ತೆಗೆದು ಅದರಿಂದ ಓಡಿಸಿ ನೋಡಬಹುದು. ಚಿಕ್ಕ ಬೀಪ್‌ಗಳು ಪಟಪಟ ಅಂತ ಬಂದರೆ ಕೀಬೋರ್ಡ್ ನೋಡಿ. ಯಾವುದೋ ಫೈಲು ಅದರ ಮೇಲೆ ಕೂತು ಕೀ ಒತ್ತಿರುತ್ತದೆ, ಇಲ್ಲವೇ ಚಹಾ ಚೆಲ್ಲಿ ಅಂಟಿರುತ್ತದೆ.

ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗಿ, ಸೈಟುಗಳು ತೆರೆಯದೆ ಗಡಿಯಾರ ತಪ್ಪಾಗಿದೆ ಅಂದರೆ ಸಿಮಾಸ್ ಬ್ಯಾಟರಿ ಮುಗಿದಿದೆ. ಸಿಆರ್2032 ಅಂತ ಕೇಳಿ, 3 ವೋಲ್ಟಿನ ನಾಣ್ಯದಂಥ ಬ್ಯಾಟರಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿದ ಮೇಲೆ ಬಯೋಸ್‌ಗೆ ಹೋಗಿ ತಾರೀಖು ಸರಿಮಾಡಿ ಸೇವ್ ಮಾಡಿ.

ವೋಲ್ಟೇಜ್ ಮತ್ತು ಅರ್ತಿಂಗ್

ಶಾಖ ಸರಿ ಇದೆ, ಫ್ಯಾನ್ ಸರಿ ಇದೆ, ಆದರೂ ಸೈರನ್ ಬರುತ್ತಿದೆ ಅಂದರೆ ಬಯೋಸ್‌ನ ಅದೇ ಪುಟದಲ್ಲಿ ವೋಲ್ಟೇಜ್ ನೋಡಿ. ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದು. ಅಂದರೆ 12 ವೋಲ್ಟ್ ಅನ್ನುವುದು 11.4ರಿಂದ 12.6ರ ನಡುವೆ, 5 ವೋಲ್ಟ್ ಅನ್ನುವುದು 4.75ರಿಂದ 5.25ರ ನಡುವೆ, 3.3 ಅನ್ನುವುದು 3.14ರಿಂದ 3.47ರ ನಡುವೆ ಇರಬೇಕು. 12 ವೋಲ್ಟ್ ಜಾಗದಲ್ಲಿ 11.1 ಕಂಡರೆ ಎಸ್‌ಎಂಪಿಎಸ್ ಸುಸ್ತಾಗಿದೆ. ಬಯೋಸ್‌ನ ಲೆಕ್ಕ ಕೆಲವೊಮ್ಮೆ ಸ್ವಲ್ಪ ತಪ್ಪುತ್ತದೆ. ಮಲ್ಟಿಮೀಟರ್ ಇದ್ದವರು ಹಾರ್ಡ್ ಡಿಸ್ಕಿಗೆ ಹೋಗುವ ಹಳೆ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ನಡುವೆ 12, ಕೆಂಪು ಮತ್ತು ಕಪ್ಪು ನಡುವೆ 5 ಇದೆಯೇ ನೋಡಬಹುದು. ಎರಡು ಪಿನ್ ಒಂದಕ್ಕೊಂದು ತಾಗದಂತೆ ಎಚ್ಚರ. ಎಸ್‌ಎಂಪಿಎಸ್ ಬದಲಿಸುವುದೇ ಆದರೆ ಅಗ್ಗದ್ದಕ್ಕೆ ಹೋಗಬೇಡಿ. ಇದೊಂದು ಕೆಟ್ಟರೆ ಉಳಿದ ಎಲ್ಲವನ್ನೂ ಸುಡಬಲ್ಲದು.

ಗೋಡೆಯ ಪ್ಲಗ್‌ನಲ್ಲಿ 230 ವೋಲ್ಟ್ ಇರಬೇಕು, ಶೇಕಡಾ 6ರಷ್ಟು ಏರಿಳಿತ ಲೆಕ್ಕದೊಳಗೇ ಬರುತ್ತದೆ. ಅಂದರೆ ಸುಮಾರು 216ರಿಂದ 244. ಮಿಲ್‌ನ ದೊಡ್ಡ ಮೋಟಾರ್ ಶುರುವಾದಾಗಲೇ ಕಂಪ್ಯೂಟರ್ ಒದರುತ್ತದೆ ಅಂದರೆ ಗುಟ್ಟು ಇಲ್ಲಿದೆ. ಕಂಪ್ಯೂಟರಿಗೆ ಬೇರೆ ಲೈನ್ ಎಳೆಸಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮ್ ಅನ್ನುತ್ತದೆಯೇ? ಅರ್ತಿಂಗ್ ಇಲ್ಲ ಅಂತ ಅರ್ಥ. ನಮ್ಮ ಕಡೆ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿಹೋಗುತ್ತದೆ. ಕಪ್ಪು ಮಣ್ಣು ಬಿರುಕು ಬಿಟ್ಟು ಪ್ಲೇಟನ್ನೇ ಬಿಟ್ಟುಬಿಡುತ್ತದೆ. ವಾರಕ್ಕೊಮ್ಮೆ ಗುಂಡಿಗೆ ಒಂದೆರಡು ಬಕೆಟ್ ನೀರು ಹಾಕಿ. ನಂತರ ಎಲೆಕ್ಟ್ರಿಷಿಯನ್ ಕಡೆಯಿಂದ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್ ಒಳಗೆ ಇದ್ದರೆ ಒಳ್ಳೆಯದು. ಇದನ್ನು ಸ್ವಂತ ಮಾಡಲು ಹೋಗಬೇಡಿ.

ಎಲ್ಲ ಸರಿ ಇದ್ದೂ ಒದರಿದರೆ

ಆಗ ಮಾತ್ರ ಬಯೋಸ್ ಸೆಟ್ಟಿಂಗ್ ಕಡೆ ಬನ್ನಿ. ಸಿಪಿಯು ವಾರ್ನಿಂಗ್ ಟೆಂಪರೇಚರ್ ಅನ್ನುವ ಜಾಗದಲ್ಲಿ 60 ಅಂತ ಇದ್ದರೆ ಕಲಬುರಗಿಯ ಬೇಸಿಗೆಗೆ ಅದು ತೀರಾ ಕಡಿಮೆ. 80 ಅಥವಾ 90ಕ್ಕೆ ಇಡಿ. ಡಿಸೇಬಲ್ ಮಾಡಬೇಡಿ. ಬೇಸಿಗೆಯಲ್ಲಿ ಸುಮ್ಮನಿದ್ದು ಚಳಿಗಾಲದ ಬೆಳಗ್ಗೆ ಮಾತ್ರ ಫ್ಯಾನ್ ಎರರ್ ಬರುವುದೂ ಉಂಟು. ಪ್ರೊಸೆಸರ್ ತಣ್ಣಗಿರುವುದರಿಂದ ಫ್ಯಾನ್ ನಿಧಾನ ಸುತ್ತುತ್ತದೆ, ಬಯೋಸ್‌ನ ಕನಿಷ್ಠ ಮಿತಿ ನಿಮಿಷಕ್ಕೆ 600 ಸುತ್ತು ಇದ್ದರೆ ನಿಂತಿದೆ ಅಂದುಕೊಳ್ಳುತ್ತದೆ. ಮಿತಿಯನ್ನು 300 ಅಥವಾ 200ಕ್ಕೆ ಇಳಿಸಿ. ಚಾಸಿಸ್ ಇಂಟ್ರೂಡೆಡ್ ಅಂತ ಬಂದರೆ ಡಬ್ಬಿ ಬಿಚ್ಚಿದ್ದನ್ನು ಗುರುತಿಸುವ ಪಿನ್ನುಗಳ ಪುಟ್ಟ ಕ್ಯಾಪ್ ಬಿದ್ದಿರುತ್ತದೆ, ಹುಡುಕಿ ಹಾಕಿ.

ಉಬ್ಬಿದ ಕೆಪಾಸಿಟರ್, ಸುಟ್ಟ ವಾಸನೆ, ರ‍್ಯಾಮ್ ಬದಲಿಸಿದರೂ ಹೋಗದ ಬೀಪ್, ಹೊಸ ಪೇಸ್ಟ್ ಹಚ್ಚಿದರೂ ಐದು ನಿಮಿಷದಲ್ಲಿ 90 ಮುಟ್ಟುವ ಪ್ರೊಸೆಸರ್, ಇವು ಕಂಡರೆ ಅಂಗಡಿಗೆ ಒಯ್ಯಿರಿ. ಹೋಗುವಾಗ ರೆಕಾರ್ಡ್ ಮಾಡಿದ ಸದ್ದು, ಬಯೋಸ್ ಫೋಟೋಗಳು ಜೊತೆಗಿರಲಿ. "ಒದರ್ತದ ನೋಡ್ರಿ" ಅಂದರೆ ಅವರು ಎಲ್ಲಿಂದಲೋ ಶುರು ಮಾಡುತ್ತಾರೆ. "ಆನ್ ಮಾಡಿ ಇಪ್ಪತ್ತು ನಿಮಿಷಕ್ಕೆ 94 ಡಿಗ್ರಿ ಆಗ್ತದ, ಫ್ಯಾನ್ 1800 ಸುತ್ತುತ್ತದ" ಅಂದರೆ ನೇರ ಅಲ್ಲಿಗೇ ಕೈ ಹಾಕುತ್ತಾರೆ. ದುಡ್ಡೂ ಉಳಿಯುತ್ತದೆ. ಅವರು ಸ್ಪೀಕರ್ ವೈರ್ ಕೀಳಲು ಹೋದರೆ ಬೇಡ ಅನ್ನಿ.

ರಿಪೇರಿ ಆದ ಮೇಲೆ ಬೆಳಗ್ಗೆ ಎಂಟಕ್ಕೆ ಪರೀಕ್ಷೆ ಮಾಡಿ ಸರಿಯಾಯಿತು ಅನ್ನಬೇಡಿ. ಮಧ್ಯಾಹ್ನ ಎರಡರಿಂದ ಮೂರರ ನಡುವೆ, ಕೋಣೆಯ ನೀರಿನ ಕೂಲರ್ ಆಫ್ ಮಾಡಿ, ಜೋರು ಕೆಲಸ ಕೊಟ್ಟು ಅರ್ಧ ಗಂಟೆ ಓಡಿಸಿ. ಒಂದು ದೊಡ್ಡ ವಿಡಿಯೋ ಓಡುತ್ತಿರಲಿ, ಜೊತೆಗೆ ಒಂದು ದೊಡ್ಡ ಫೋಲ್ಡರನ್ನು ಜಿಪ್ ಮಾಡಲು ಹಚ್ಚಿ. ಆಗ ಬಂದ ಅತಿ ಹೆಚ್ಚು ಉಷ್ಣಾಂಶವನ್ನು, ತಾರೀಖನ್ನು, ಪೇಸ್ಟ್ ಹಚ್ಚಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬದಿಗೆ ಅಂಟಿಸಿ. ನನ್ನ ಅಂಗಡಿಯ ನಾಲ್ಕೂ ಮಷಿನ್ನಿಗೆ ಈಗ ಅಂಥ ಚೀಟಿ ಇದೆ. ಪ್ರತಿ ವರ್ಷ ಶಿವರಾತ್ರಿ ಮುಗಿದ ವಾರ ಅವನ್ನು ಮಾಳಿಗೆ ಮೇಲೆ ಒಯ್ದು ದೂಳು ತೆಗೆದು, ಚೀಟಿಯಲ್ಲಿ ಹೊಸ ಸಾಲು ಬರೆಯುತ್ತೇವೆ. ಹಳೆ ಸಾಲಿಗಿಂತ ಹತ್ತು ಡಿಗ್ರಿ ಜಾಸ್ತಿ ಕಂಡ ಮಷಿನ್ನಿನ ಹೀಟ್‌ಸಿಂಕನ್ನು ಅವತ್ತೇ ಬಿಚ್ಚುತ್ತೇವೆ.